ಬೂದುಬಣ್ಣದ ರುಮಾಲು

ಆ ಫೋಟೋ ತೆಗೆಸಿದ ದಿನ ನಾನೂ ಸ್ಟುಡಿಯೋದಲ್ಲಿದ್ದೆ ಎಂದು ಮನೆಯವರು ಹೇಳುತ್ತಾರೆ. ಇದ್ದಿರಬಹುದು. ಕಾಕಾನ ಬೆರಳು ಹಿಡಿದುಕೊಂಡು ಕಲಬುರಗಿಯ ದರ್ಗಾದ ಸುತ್ತಲಿನ ರೋಜಾ ಓಣಿಯ ಗದ್ದಲದಲ್ಲಿ ನಡೆದದ್ದು, ಲೋಬಾನದ ಹೊಗೆಗೆ ಸೀನಿದ್ದು, ಸ್ಟುಡಿಯೋದ ಪರದೆಯ ಮೇಲೆ ಬರೆದಿದ್ದ ಕೆರೆಯಲ್ಲಿ ಎರಡು ಹಂಸ ತೇಲುತ್ತಿದ್ದದ್ದು, ಇವೆಲ್ಲ ನೆನಪಿವೆ ಎಂದು ನಾನೂ ಬಹಳ ವರ್ಷ ಹೇಳಿಕೊಂಡು ಬಂದೆ. ಆದರೆ ಹಂಸಗಳು ಫೋಟೋದಲ್ಲೇ ಇವೆ. ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಲೋಬಾನದ ಹೊಗೆ ಉರುಸು ಬಂದಾಗಲೆಲ್ಲ ಕುಡಿದದ್ದೇ. ಇವೆರಡನ್ನೂ ತೆಗೆದು ಬದಿಗಿಟ್ಟರೆ ಆ ದಿನದ್ದೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಚೂರೂ ನನ್ನ ಬಳಿ ಉಳಿಯುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನಿಗೆ ಅಂಟುವ ಜಡ್ಡು ಇದು. ಬೇರೆಯವರ ಸಾಕ್ಷಿಯನ್ನು ಜಗಿದು ಜಗಿದು, ಕೊನೆಗೆ ತನ್ನದನ್ನೂ ನುಂಗಲಾರದೆ ಕೂರುವುದು.

ಇದೆಲ್ಲ ತಲೆಯಲ್ಲಿ ಏಳುವುದು ತೀರ ಸಣ್ಣ ಕಾರಣಕ್ಕೆ. ಕಾಲೇಜಿನ ಸುತ್ತೋಲೆಯನ್ನೋ ಪ್ರಶ್ನೆಪತ್ರಿಕೆಯನ್ನೋ ಪ್ರಿಂಟಿಗೆ ಕೊಡುವಾಗ ಕಂಪ್ಯೂಟರಿನ ಪರದೆಯ ಮೇಲೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ, ನೀವೂ ನೋಡಿರುತ್ತೀರಿ. ಕಾಗದದ ಅಳತೆ ಯಾವುದು, ಎಷ್ಟು ಪ್ರತಿ, ನಿಂತ ಪುಟವೋ ಅಡ್ಡ ಪುಟವೋ ಎಂದೆಲ್ಲ ಅದು ಕೇಳುತ್ತದೆ. ಅಲ್ಲೇ ಕೆಳಗೆ ‘ಗ್ರೇಸ್ಕೇಲ್’ ಎಂಬ ಚಿಕ್ಕ ಚೌಕವಿದೆ. ಅದಕ್ಕೊಂದು ಗುರುತು ಹಾಕಿದರೆ ಬಣ್ಣವೆಲ್ಲ ಬೂದಿಯಾಗಿ ಅಚ್ಚಾಗುತ್ತದೆ, ಬಣ್ಣದ ಶಾಯಿ ಉಳಿಯುತ್ತದೆ. ಉಳಿಸುವ ಬುದ್ಧಿ ನನ್ನದು, ಗುರುತು ಹಾಕಿಯೇ ಹಾಕುತ್ತೇನೆ. ಆದರೆ ಹಾಕುವ ಮೊದಲು ಕೈ ಒಂದು ಗಳಿಗೆ ನಿಲ್ಲುತ್ತದೆ, ಕಾಕಾನ ಹೆಂಡತಿ, ಕಮಲಾಪುರದ ನೀಲವ್ವ ಕಾಕು ಕಣ್ಣ ಮುಂದೆ ಬರುತ್ತಾಳೆ.

ಪ್ರಿಂಟಿನ ಈ ಮಾತುಗಳನ್ನೆಲ್ಲ ನಾನು ಕಲಿತದ್ದು ಎಂ.ಫಿಲ್. ಪ್ರಬಂಧದ ಕಾಲಕ್ಕೆ. ಆಗ ನಮ್ಮಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು. ಒಳಗೊಂದು ಶಾಯಿಯ ರಿಬ್ಬನ್ನು, ಅದನ್ನು ಕುಟ್ಟುವ ಸೂಜಿಗಳು, ಎರಡೂ ಅಂಚಿಗೆ ತೂತುಗಳಿದ್ದ ಮುಗಿಯದ ಕಾಗದ. ಹೊಲಿಗೆ ಯಂತ್ರದಲ್ಲಿ ತಗಡು ಹೊಲಿದಂಥ ಸದ್ದು. ರಿಬ್ಬನ್ನು ಉಳಿಯಲಿ ಎಂದು ‘ಡ್ರಾಫ್ಟ್’ನಲ್ಲಿ ಮುದ್ರಿಸುತ್ತಿದ್ದೆ. ಡ್ರಾಫ್ಟ್ ಎಂದರೆ ಚುಕ್ಕೆ ಕಡಿಮೆ, ಅಕ್ಷರ ತೆಳು, ಓದುವವನ ಕಣ್ಣಿಗೆ ಕೆಲಸ ಹೆಚ್ಚು. ನನ್ನ ಮಾರ್ಗದರ್ಶಕರು ಮೊದಲ ಅಧ್ಯಾಯವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಬರೆದದ್ದರ ಬಗ್ಗೆ ನಿಮಗೇ ಅನುಮಾನ ಇದ್ದಂಗ ಕಾಣ್ತದ” ಎಂದಿದ್ದರು.

ಕಾಗದದ ಅಂಚಿನ ತೂತಿನ ಪಟ್ಟಿಗಳನ್ನು ಹರಿದು ತೆಗೆಯಬೇಕಿತ್ತು. ಅವನ್ನು ಬಿಸಾಡಲು ಮನಸ್ಸಾಗದೆ ಒಂದು ಚೀಲ ತುಂಬಿಕೊಂಡು ಕಮಲಾಪುರಕ್ಕೆ ಹೋಗಿದ್ದೆ. ಅಪ್ಪನ ತಮ್ಮ ಶರಣಪ್ಪ ಕಾಕಾ ಅವನ್ನು ಎತ್ತಿನ ಕೊಂಬಿಗೆ ಸುತ್ತಿ, ದೂರ ನಿಂತು ನೋಡಿ, “ನಮ್ಮ ಎತ್ತೂ ಎಂ.ಫಿಲ್. ಆತು ನೋಡು” ಎಂದ. ಹೆಚ್ಚು ಮಾತಾಡದ ಮನುಷ್ಯ. ವರ್ಷಕ್ಕೊಂದು ಇಂಥ ಮಾತು ಬರುತ್ತಿತ್ತು, ಮುಂದಿನ ಮಾತು ಬರುವವರೆಗೆ ಮನೆಯವರು ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಅದಾಗಿ ಕೆಲವೇ ವರ್ಷಕ್ಕೆ ಕಾಕಾ ತೀರಿಕೊಂಡ.

ಈಗ ರುಮಾಲಿನ ವಿಷಯ ಹೇಳಬೇಕು. ಕಾಕಾನ ಮದುವೆಯಲ್ಲಿ ಕಾಕುವಿನ ತವರಿನವರು ಆಯೇರಿ ತಂದಿದ್ದರು. ನಮ್ಮ ಕಡೆ ಬೀಗರ ಮನೆಯಿಂದ ಬರುವ ಬಟ್ಟೆಗೆ ಹಾಗೆನ್ನುತ್ತೇವೆ. ಮದುಮಗನಿಗೆ ಬಂದದ್ದು ಹಸಿರು ಬಣ್ಣದ ಒಂದು ಸಾದಾ ರುಮಾಲು. ಜರಿ ಇರಲಿಲ್ಲ. ನನ್ನ ಆಯಿ, ಅಂದರೆ ಕಾಕಾನ ತಾಯಿ, ಅದನ್ನು ಹಂದರದಲ್ಲಿ ನಾಲ್ಕು ಜನರ ಎದುರೇ ಬೆರಳ ತುದಿಯಲ್ಲಿ ಎತ್ತಿ ಹಿಡಿದು, “ಹೊಲದಾಗ ಗುಬ್ಬಿ ಬೆದರಸ್ಲಿಕ್ಕ ಚಲೋ ಆಗ್ತದ” ಎಂದಳಂತೆ. ರುಮಾಲು ಅಂದೇ ಟ್ರಂಕು ಸೇರಿತು. ಆಮೇಲೆ ಕಾಕಾ ಅದನ್ನು ಸುತ್ತಿದ್ದನ್ನು ಮನೆಯಲ್ಲಿ ಯಾರೂ ನೋಡಲಿಲ್ಲ. ಅವನ ತಲೆಯ ಮೇಲೆ ಯಾವಾಗಲೂ ಇರುತ್ತಿದ್ದದ್ದು ಕೆಂಪು ರುಮಾಲು. ಅದನ್ನು ಅವನ ಅಕ್ಕ, ಅಂದರೆ ಕಲಬುರಗಿಯ ಶಹಾಬಜಾರದಲ್ಲಿ ಮಗನ ಮನೆಯಲ್ಲಿದ್ದ ನಮ್ಮ ನಾಗಮ್ಮ ಅತ್ತಿ, ಮದುವೆಗೂ ಮೊದಲು ಕೊಟ್ಟಿದ್ದಳು.

ಕಾಕಾ ತೀರಿದ ದಿನ ಕಾಕು ಟ್ರಂಕು ತೆರೆದು ಹಸಿರು ರುಮಾಲನ್ನು ತೆಗೆದುಕೊಟ್ಟಳು. ಕೂರಿಸಿ ಮಣ್ಣು ಮಾಡುವಾಗ ಅದನ್ನೇ ಅವನ ತಲೆಗೆ ಸುತ್ತಿದರು. ಆಗ ಅತ್ತಿ ಅಳುತ್ತ ಅಳುತ್ತ ಒಂದು ಮಾತಾಡಿದಳು: “ಜೀವ ಇದ್ದಾಗ ಒಮ್ಮೆ ಘಳಿಗಿ ಮುರೀಲಿಲ್ಲ, ಇವತ್ತ ಮುರದ್ರು ನೋಡ್ರೇ.” ಘಳಿಗಿ ಮುರಿಯುವುದೆಂದರೆ ಹೊಸ ಬಟ್ಟೆಯ ಮಡಿಕೆಯನ್ನು ಮೊದಲ ಸಲ ಬಿಚ್ಚಿ ಮೈಮೇಲೆ ಹಾಕಿಕೊಳ್ಳುವುದು. ನಮ್ಮಲ್ಲಿ ಅದಕ್ಕೆ ವಾರ ನೋಡುತ್ತಾರೆ, ದೇವರಿಗೆ ಮುಟ್ಟಿಸುತ್ತಾರೆ. ತನ್ನ ತವರಿನ ಬಟ್ಟೆಯ ಘಳಿಗೆಯನ್ನು ಗಂಡ ಹೆಣವಾದ ಮೇಲೆ ಮುರಿದ ಎಂಬ ಮಾತು ಕಾಕುವಿಗೆ ಎಲ್ಲಿ ತಾಗಿರಬಹುದು ಎಂಬುದನ್ನು ನಾನು ಬರೆದು ತಿಳಿಸಲಾರೆ.

ವರ್ಷದ ಪೂಜೆ ಹತ್ತಿರ ಬಂದಾಗ ಕಾಕು ಫೋಟೋ ಹಿಡಿದುಕೊಂಡು ಕಮಲಾಪುರದ ಬಸ್ಸಿಳಿದು ಕಲಬುರಗಿಯ ನನ್ನ ಮನೆಗೆ ಬಂದಳು. ಕಾಕಾನ ಒಂದೇ ಒಂದು ಫೋಟೋ ಅದು. ಕಪ್ಪುಬಿಳುಪು, ಅಂಗೈ ಅಗಲದ್ದು, ಉರುಸಿಗೆ ಬಂದಾಗ ತೆಗೆಸಿದ್ದು.

“ಇದನ್ನ ದೊಡ್ಡದು ಮಾಡಸಬೇಕು ತಮ್ಮಾ. ಬಣ್ಣದಾಗ. ಗ್ವಾಡಿಗೆ ಹಾಕ್ತೀನಿ.”

“ಬಣ್ಣ ಯಾಕ ಕಾಕು? ಹಿಂಗೇ ಚಂದ ಅದ.”

“ರುಮಾಲ ಹಸರದ,” ಎಂದಳು. “ಎಲ್ಲಾರೂ ನೋಡ್ಲಿ.”

ಆಗ ತಿಳಿಯಿತು. ಉರುಸಿಗೆ ಬಂದ ದಿನ ಅವಳು ಆ ರುಮಾಲನ್ನು ಯಾರಿಗೂ ಕಾಣದಂತೆ ಚೀಲದ ಅಡಿಯಲ್ಲಿಟ್ಟು ಒಯ್ದಿದ್ದಳಂತೆ. ಸ್ಟುಡಿಯೋದ ಬಾಗಿಲಲ್ಲಿ ತೆಗೆದು, “ಒಮ್ಮೆ ಸುತ್ತಿಗೋರಿ” ಎಂದಳಂತೆ. ಕಾಕಾ ಕೆಂಪು ರುಮಾಲು ಬಿಚ್ಚಿ ಅವಳ ಕೈಗೆ ಕೊಟ್ಟು, ಇದನ್ನು ಸುತ್ತಿಕೊಂಡನಂತೆ. ಫೋಟೋ ಆದಮೇಲೂ ತೆಗೆಯಲಿಲ್ಲ. ಬಸ್ಸು ಕಮಲಾಪುರ ಮುಟ್ಟುವ ಮೊದಲು, ತಾಯಿಗೆ ಕಾಣದಿರಲಿ ಎಂದು, ತಾನೇ ಬಿಚ್ಚಿ ಮಡಚಿ ಕೊಟ್ಟನಂತೆ.

“ನೀನೂ ಇದ್ದೆಲ್ಲ,” ಎಂದಳು ಕಾಕು. “ನಿನ್ನ ತೊಡಿಮ್ಯಾಲೇ ಇಟ್ಟು ಮಡಚ್ಯಾರ.”

ಶಹಾಬಜಾರದ ಓಣಿಯಲ್ಲಿ ಆಗಷ್ಟೇ ಒಂದು ಕಂಪ್ಯೂಟರ್ ಅಂಗಡಿ ಆಗಿತ್ತು. ಒಂದು ಸ್ಕ್ಯಾನರು, ಒಂದು ಇಂಕ್‌ಜೆಟ್ ಪ್ರಿಂಟರು, ಮೇಲೊಂದು ಕುಂಯ್‌ಗುಡುವ ಫ್ಯಾನು. ನಡೆಸುತ್ತಿದ್ದವನು ಮೆಹಬೂಬ. ಲಗ್ನಪತ್ರಿಕೆಯೇ ಅವನ ಮುಖ್ಯ ಉದ್ಯೋಗ. ಆ ಮೂರು ಮೊಳ ಜಾಗದಲ್ಲಿ ಅವನು ತನ್ನನ್ನು ‘ಗ್ರಾಫಿಕ್ ಡಿಸೈನರ್’ ಎಂದು ಕರೆದುಕೊಳ್ಳುತ್ತಿದ್ದ. ಕಾಕು ಅವನಿಗೆ ಒಂದು ಫಣಿ ಕಮಲಾಪುರದ ಕೆಂಪು ಬಾಳೆಹಣ್ಣು ಕೊಟ್ಟು, ಕೆಲಸ ಚೆನ್ನಾಗಿ ಆಗಲಿ ಎಂದು ಯಂತ್ರಕ್ಕೂ ಕೈಮುಗಿದಳು. ಅಂಗಡಿ ಅತ್ತಿಯ ಮನೆಯಿಂದ ನಾಲ್ಕು ಹೆಜ್ಜೆ. ನಾವು ಕೂತು ಬಹಳ ಹೊತ್ತಾಗಿರಲಿಲ್ಲ, ಸೆರಗು ಸರಿಮಾಡಿಕೊಳ್ಳುತ್ತ ಅತ್ತಿಯೂ ಬಂದಳು.

ಮೆಹಬೂಬ ಫೋಟೋವನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಿದ. ಒಳಗೆ ಬೆಳಕಿನ ಒಂದು ಗೆರೆ ಮೆಲ್ಲಗೆ ಸರಿದುಹೋಯಿತು. “ರೆಸಲ್ಯೂಶನ್ ಜಾಸ್ತಿ ಇಟ್ಟೀನ್ರಿ ಸರ್, ಚುಕ್ಕಿ ಜಾಸ್ತಿ ಬರ್ತಾವ, ದೊಡ್ಡದು ಮಾಡಿದ್ರೂ ಒಡ್ಯಂಗಿಲ್ಲ,” ಎಂದ. ಪರದೆಯ ಮೇಲೆ ಕಾಕಾನ ಮುಖ ಮೇಲಿನಿಂದ ಕೆಳಕ್ಕೆ ಇಳಿಯಿತು. ಮೊದಲು ರುಮಾಲು, ಆಮೇಲೆ ಹಣೆ, ಹುಬ್ಬು, ಮೀಸೆ. ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತಿ, “ನನ್ನ ತಮ್ಮ” ಎಂದಷ್ಟೇ ಅಂದಳು.

ಮೆಹಬೂಬ ಮುಖಕ್ಕೆ ಗೋಧಿಬಣ್ಣ ತುಂಬಿದ, ಅಂಗಿಗೆ ಬಿಳಿ. ಆಮೇಲೆ ಮೌಸಿನ ಮೇಲೆ ಕೈಯಿಟ್ಟುಕೊಂಡೇ ತಿರುಗಿ ಕೇಳಿದ:

“ಪಗಡಿ ಯಾವ ಕಲರ್ ಹಾಕ್ಲಿರಿ?”

“ಹಸರ,” ಎಂದಳು ಕಾಕು.

“ಕೆಂಪ,” ಎಂದಳು ಅತ್ತಿ.

ಮೆಹಬೂಬ ಇಬ್ಬರ ಮುಖವನ್ನೂ ನೋಡಿದ.

“ಅಕ್ಕಾ, ಅವತ್ತ ಸುತ್ತಿದ್ದು ಹಸರದೇ ಅದ ರೀ,” ಎಂದಳು ಕಾಕು, ಮೆತ್ತಗೆ.

“ಕೆಂಪು ಬಾಳಿಹಣ್ಣಿನ ಊರಾಗ ಇದ್ದು ಹಸರ ಹಸರ ಅಂತೀ ಅಲ್ಲೇ ನೀಲವ್ವಾ! ನಾ ಕೊಟ್ಟ ಕೆಂಪ ಬಿಟ್ರ ಅವ ತಲಿಗಿ ಇನ್ನೊಂದು ಕಟ್ಟಲಿಲ್ಲ. ಬಿಸಲಿಗಿ ಅದೇ, ಮಳಿಗಿ ಅದೇ. ಒಗದು ಒಗದು ಅರಬಿ ಅನ್ನೂದು ಬೆಣ್ಣಿ ಆಗಿತ್ತು. ಆದ್ರೂ ಬಿಡಲಿಲ್ಲ. ಅಕ್ಕ ಕೊಟ್ಟಿದ್ದಂತ.”

ಅತ್ತಿ ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಅವಳು ನೋಡಿದ್ದು ಅಷ್ಟೇ, ನೋಡಿದ್ದನ್ನೇ ಹೇಳುತ್ತಿದ್ದಳು.

“ಕಂಪ್ಯೂಟರ್‌ಗೆ ಗೊತ್ತಾಗ್ತದಲ್ಲೋ ತಮ್ಮಾ?” ಎಂದು ಕಾಕು ಮೆಹಬೂಬನ ಕಡೆ ತಿರುಗಿದಳು. “ಅದನ್ನೇ ಕೇಳು.”

ಮೆಹಬೂಬ ತಲೆ ಕೆರೆದುಕೊಂಡ. ಪರದೆಯ ಮೂಲೆಯಲ್ಲಿ ಒಂದು ದಟ್ಟ ಹಸಿರು ಚೌಕ ಬರೆದ, ಪಕ್ಕದಲ್ಲಿ ಒಂದು ಕೆಂಪು ಚೌಕ. ಗ್ರೇಸ್ಕೇಲ್ ಒತ್ತಿದ. ಎರಡೂ ಒಂದೇ ಬೂದಿಯಾದವು. ಯಾವುದು ಯಾವುದಾಗಿತ್ತು ಎಂದು ಕೇಳಿದ್ದರೆ ಬರೆದವನಿಗೂ ಹೇಳಲಾಗುತ್ತಿರಲಿಲ್ಲ.

“ನೋಡ್ರಿ ಅಮ್ಮಾ, ಇದಕ್ಕ ಎಷ್ಟು ಕಪ್ಪ, ಎಷ್ಟು ಬೆಳಕ ಅಂಬೋದು ಅಷ್ಟೇ ಗೊತ್ತು. ಹಸರ, ಕೆಂಪ ಅದಕ್ಕ ಇಲ್ಲ. ನೀವು ಹೇಳ್ರಿ, ನಾ ಹಾಕ್ತೀನಿ. ಬೇಕಂದ್ರ ಎರಡು ಪ್ರಿಂಟ್ ತೆಗೀತೀನಿ. ಒಬ್ಬರಿಗೆ ಇದು, ಒಬ್ಬರಿಗೆ ಅದು. ಝಗಡಾ ಖತಂ.”

ಕಾಕು ಆ ಎರಡು ಬೂದು ಚೌಕಗಳನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು, ಮುಂದಕ್ಕೆ ಬಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೀ ಇದ್ದಿ. ನೀ ಹೇಳು.”

ಹಸಿರು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಕಣ್ಣು ಮುಚ್ಚಿದರೆ ಕಾಕಾನ ತಲೆಯ ಮೇಲೆ ಹಸಿರೂ ಬರುತ್ತಿತ್ತು, ಕೆಂಪೂ ಬರುತ್ತಿತ್ತು. ಕಾಕು ಹೇಳಿದ್ದನ್ನು ಕೇಳಿ ಹಸಿರು ಬಂತೋ, ದಿನಾ ನೋಡಿದ್ದರಿಂದ ಕೆಂಪು ಬಂತೋ, ಹೇಗೆ ಹೇಳಲಿ? ನಡುವೆ ಹಂಸಗಳು ಬೇರೆ.

“ನನಗ ನೆನಪಿಲ್ಲ ಕಾಕು,” ಎಂದೆ.

ಅತ್ತಿ ನಕ್ಕಳು. “ಕಲ್ತವರು ಹಿಂಗೇ ನೋಡು. ಹೌದೂ ಅನ್ನಂಗಿಲ್ಲ, ಅಲ್ಲಾನೂ ಅನ್ನಂಗಿಲ್ಲ. ಪಗಾರ ಮಾತ್ರ ಬರೋಬ್ಬರಿ ತಗೋತಾರ.”

ಕಾಕು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಎರಡೂ ಮಾಡ್ಲಿಕ್ಕ ಬರ್ತದಂದ್ರ ಬಣ್ಣದಾಗ ಏನದ,” ಎಂದಳು. “ಬ್ಯಾಡಪ್ಪಾ. ಇದ್ದಂಗೇ ದೊಡ್ಡದು ಮಾಡು.”

ಹೀಗೆ ಫೋಟೋ ಬೂದುಬಣ್ಣದಲ್ಲೇ ಹಿರಿದಾಯಿತು. ಮೆಹಬೂಬ ತುಂಬಿದ್ದ ಬಣ್ಣವನ್ನೆಲ್ಲ ತೆಗೆದು, ದಪ್ಪ ಹೊಳಪಿನ ಕಾಗದ ಹಾಕಿ, ಪ್ರಿವ್ಯೂ ನೋಡಿ, ಮಾರ್ಜಿನ್ ಸರಿಮಾಡಿ ಪ್ರಿಂಟ್ ಕೊಟ್ಟ. ಕಾಗದ ಇಷ್ಟಿಷ್ಟೇ ಹೊರಗೆ ಬಂತು. ಮುಖ ಚೆನ್ನಾಗಿ ಬಂದಿತ್ತು. ಆದರೆ ರುಮಾಲಿನ ಮೇಲೆ ತೆಳ್ಳಗೆ ನಾಲ್ಕಾರು ಗೆರೆಗಳು.

“ಬ್ಯಾಂಡಿಂಗ್ ರೀ,” ಎಂದ ಮೆಹಬೂಬ. ಶಾಯಿ ಉಗುಳುವ ಸಣ್ಣ ತೂತುಗಳಲ್ಲಿ ಕೆಲವು ಕಟ್ಟಿಕೊಂಡರೆ ಅಚ್ಚಿನಲ್ಲಿ ಹೀಗೆ ಗೆರೆ ಬೀಳುತ್ತವಂತೆ. “ಹೆಡ್ ಕ್ಲೀನ್ ಮಾಡ್ತೀನಿ.” ಪ್ರಿಂಟರು ಕರಕರ ಎಂದು ತನ್ನ ಗಂಟಲು ಸರಿಮಾಡಿಕೊಂಡಿತು. ಇನ್ನೊಂದು ಪ್ರಿಂಟ್ ತೆಗೆದ. ಗೆರೆ ಅಲ್ಲೇ ಇದ್ದವು. ಮತ್ತೆ ಕ್ಲೀನ್ ಮಾಡಿದ. ಮತ್ತೆ ಇದ್ದವು. “ಹಂಗಾದ್ರ ಫೋಟೋನೇ ಗೀರ ಬಿದ್ದದ. ಹಳೇದಲ್ರಿ.”

“ತಲಿಮ್ಯಾಲ ಗೆರಿ ಬ್ಯಾಡಪ್ಪಾ, ಅಪಶಕುನ,” ಎಂದಳು ಅತ್ತಿ. ಆ ದಿನ ಇಬ್ಬರೂ ಒಪ್ಪಿದ ಮಾತು ಅದೊಂದೇ. ನಾನೂ ತಲೆಯಾಡಿಸಿದೆ. ಮೆಹಬೂಬ ಕುಂಚದಂಥದ್ದೊಂದನ್ನು ಆರಿಸಿಕೊಂಡು, ನಾಲಿಗೆ ತುದಿ ಕಚ್ಚಿ ಹಿಡಿದು, ಗೆರೆಗಳನ್ನೆಲ್ಲ ಒರೆಸಿದ. ರುಮಾಲು ಬೆಣ್ಣೆಯಂತೆ ನುಣುಪಾಯಿತು. ಕಟ್ಟು ಹಾಕಿಸಿ ಕಮಲಾಪುರಕ್ಕೆ ಒಯ್ದೆವು. ವರ್ಷದ ಪೂಜೆಗೆ ಬಂದವರೆಲ್ಲ ಜೀವಂತ ಇದ್ದಂತೆ ಇದೆ ಎಂದರು. ಕಾಕು ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದಳು. ರುಮಾಲಿನ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ನಾನು ಊರಿಗೆ ಹೋದಾಗ ಮೊದಲಿನ ಹಾಗೆ ಊಟಕ್ಕೆ ಬಡಿಸುತ್ತಿದ್ದಳು, ರೊಟ್ಟಿಗೆ ಬೆಣ್ಣೆ ಹಾಕುತ್ತಿದ್ದಳು. ಆದರೆ ಹಳೆಯದನ್ನು ಹೇಳುವಾಗ ‘ನೀನೂ ಇದ್ದೆಲ್ಲ’ ಎನ್ನುವುದನ್ನು ಬಿಟ್ಟಳು.

ವರ್ಷಗಳು ಹೋದವು. ನಾನೂ ಮನೆಗೊಂದು ಇಂಕ್‌ಜೆಟ್ ತಂದೆ. ಬೇಸಿಗೆ ರಜೆಯಲ್ಲಿ ಮುಟ್ಟದೆ ಬಿಟ್ಟಿದ್ದಕ್ಕೆ ಅದರ ಶಾಯಿ ಒಣಗಿ, ಒಂದು ದಿನ ಅಚ್ಚಾಗಿ ಬಂದ ಹಾಳೆಯ ತುಂಬ ಗೆರೆ ಬಿದ್ದಿದ್ದವು. ಬ್ಯಾಂಡಿಂಗ್! ಹಳೆಯ ಪರಿಚಯದವರು ಸಿಕ್ಕಂತೆ ಆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತೆ. ಗೆರೆ ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಹೋಗಿತ್ತು. ಅಕ್ಷರ ಬರಲಿ, ಚಿತ್ರ ಬರಲಿ, ಯಾವುದಕ್ಕೂ ನಿಂತಿರಲಿಲ್ಲ. ಹಾಗಾದರೆ ಕಾಕಾನ ಫೋಟೋದಲ್ಲಿ ಗೆರೆ ರುಮಾಲಿನ ಮೇಲೆ ಮಾತ್ರ ಏಕಿತ್ತು? ಅದೇ ಹಾಳೆಯಲ್ಲಿದ್ದ ಮುಖದ ಮೇಲೆ, ಪರದೆಯ ಕೆರೆಯ ಮೇಲೆ ಏಕೆ ಇರಲಿಲ್ಲ? ಫೋಟೋಕ್ಕೆ ಗೀರು ಬಿದ್ದಿತ್ತೆಂದರೆ ಅದು ರುಮಾಲಿನ ಅಂಚು ನೋಡಿಕೊಂಡು ಏಕೆ ನಿಲ್ಲಬೇಕು? ಲೋಕದಲ್ಲಿ ಎಲ್ಲವನ್ನೂ ಅನುಮಾನಿಸುವ ನನಗೆ ಆ ಒಂದು ಪ್ರಶ್ನೆ ಆಗ ಹೊಳೆದಿರಲಿಲ್ಲ.

ಮರುದಿನವೇ ಶಹಾಬಜಾರಕ್ಕೆ ಹೋಗಿ ಒಂದು ಹೊಸ ರುಮಾಲು ಕೊಂಡೆ. ಯಾರಿಗೆಂದು ಅಂಗಡಿಯವನು ಕೇಳಿದ. ನೀರಿನ ಕೊಡಕ್ಕೆ ಎಂದರೆ ಏನು ತಿಳಿದುಕೊಂಡಾನೆಂದು ಸುಮ್ಮನಿದ್ದೆ. ಮನೆಗೆ ಬಂದು ಘಳಿಗೆ ಬಿಚ್ಚಿ ತಾಮ್ರದ ಕೊಡಕ್ಕೆ ಸುತ್ತಿ, ಕಿಟಕಿಯ ಬಳಿ ಇಟ್ಟು ಫೋಟೋ ತೆಗೆದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, “ಕೊಡದ ಲಗ್ನ ಯಾವಾಗ್ರಿ?” ಎಂದಳು. ಆ ರುಮಾಲನ್ನೇ ಒಗೆದು, ಒಣಗಿಸಿ, ಮಡಚಿ, ಮತ್ತೆ ಸುತ್ತಿ ಇನ್ನೊಂದು ಫೋಟೋ ತೆಗೆದೆ. ಮೊದಲನೆಯದರಲ್ಲಿ ಕಾಕಾನ ರುಮಾಲಿನ ಮೇಲಿದ್ದಂಥವೇ, ಮಡಿಕೆಯ ಚೂಪಾದ ಗೆರೆಗಳಿದ್ದವು. ಎರಡನೆಯದರಲ್ಲಿ ಸುಕ್ಕುಗಳಿದ್ದವು, ಆದರೆ ಚೂಪಾದ ಗೆರೆಗಳಿರಲಿಲ್ಲ.

ಭೂತಗನ್ನಡಿ ತೆಗೆದುಕೊಂಡು ಕಮಲಾಪುರಕ್ಕೆ ಹೋದೆ. ಕಾಕು ಮೂಲ ಫೋಟೋವನ್ನು ಟ್ರಂಕಿನಲ್ಲಿ ಇಟ್ಟಿದ್ದಳು. ಅದನ್ನು ಬಾಗಿಲ ಬೆಳಕಿಗೆ ತಂದು, ಹೊಸ್ತಿಲ ಬಳಿ ಕೂತು ನೋಡಿದೆ. ಏನು ಹುಡುಕುತ್ತಿದ್ದೇನೆಂದು ಅವಳು ಕೇಳಿದಳು. ಹೇಳಿದೆ. ಅವಳು ಗೋಡೆಗೆ ಒರಗಿ ಕೂತು ಕೇಳಿದಳು, ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಪಡಸಾಲೆಯ ಗೋಡೆಯ ಮೇಲೆ ಕಾಕಾ ನಾವು ನುಣುಪು ಮಾಡಿದ ರುಮಾಲು ಸುತ್ತಿಕೊಂಡು ಕೂತಿದ್ದ.

“ನಾಗಮ್ಮ ಅತ್ತಿಗೆ ನಾನೇ ಹೋಗಿ ಹೇಳ್ತೀನಿ ಕಾಕು,” ಎಂದೆ.

“ಬ್ಯಾಡ,” ಎಂದಳು. “ಆಕಿಗೂ ಒಬ್ಬನೇ ತಮ್ಮ ಇದ್ದ. ಆಕಿ ಕೊಟ್ಟಿದ್ದ ಬಿಟ್ರ ಇನ್ನೊಂದು ಕಟ್ಟಲಿಲ್ಲಂತ ತಿಳ್ಕೊಂಡಾಳ. ತಿಳ್ಕೊಳ್ಳಿ. ನೀ ನೋಡಿದೆಲ್ಲ, ಸಾಕು,” ಎಂದಳು. ಎದ್ದು ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಅತ್ತಿ ತೀರಿಕೊಂಡ ಮೇಲೆಯೇ ನಾನು ಇದನ್ನು ಬರೆಯುತ್ತಿದ್ದೇನೆ.

ಬಣ್ಣ ಯಾವುದೆಂದು ನಾನು ಇವತ್ತಿಗೂ ಹೇಳಲಾರೆ. ನಾನು ಅಲ್ಲಿದ್ದೆನೆಂದು ಪ್ರಮಾಣ ಮಾಡಲಾರೆ. ಸ್ಟುಡಿಯೋದವನೇ ಒಂದು ರುಮಾಲು ಕೊಟ್ಟಿರಬಹುದಲ್ಲ ಎಂದು ನನ್ನೊಳಗಿನ ಮೇಷ್ಟ್ರು ಕೇಳದೆ ಇರುವುದಿಲ್ಲ. ಕೊಟ್ಟಿದ್ದರೆ ಅದು ಊರ ಮಂದಿಯ ತಲೆ ಸುತ್ತಿ ಬಂದದ್ದಾಗಿರುತ್ತಿತ್ತು, ಹೊಸದಲ್ಲ ಎಂದು ಅವನಿಗೆ ಉತ್ತರ ಕೊಡುತ್ತೇನೆ. ಭೂತಗನ್ನಡಿಯ ಕೆಳಗೆ ಕಂಡದ್ದನ್ನು ಮಾತ್ರ ಹೇಳಬಲ್ಲೆ. ಗೆರೆಗಳು ಮೂಲ ಫೋಟೋದಲ್ಲೇ ಇವೆ. ಅವು ಕಾಗದದ ಗೀರಲ್ಲ. ರುಮಾಲಿನ ಒಂದೊಂದು ಸುತ್ತಿನ ಅಂಚಿಗೆ ಬಂದು ನಿಂತು, ಮುಂದಿನ ಸುತ್ತಿನಲ್ಲಿ ತುಸು ಪಕ್ಕಕ್ಕೆ ಸರಿದು ಮತ್ತೆ ಶುರುವಾಗುತ್ತವೆ, ಒಂದೇ ಅಂತರದಲ್ಲಿ. ಫೋಟೋ ತೆಗೆಸಿದ ದಿನ ಕಾಕಾ ಸುತ್ತಿಕೊಂಡಿದ್ದ ರುಮಾಲು ಆಗತಾನೇ ಘಳಿಗೆ ಮುರಿದದ್ದು.